ಸಭಾಭವನದ ಮುಂದೆ ನಿಂತ ಚಟ್ಟ

ಹಾದೊಂಗ್ ಅಜ್ಜಿಯ ಕೂದಲಿಗೆ ಸುರುಳಿ ಹಾಕುವುದೆಂದರೆ ನನಗೆ ಅರ್ಧ ದಿನದ ಕೆಲಸ. ಕೂದಲು ಜಾಸ್ತಿ ಅಂತಲ್ಲ, ಆ ತಲೆಯಲ್ಲಿ ಕೂದಲಿಗಿಂತ ಪ್ರಶ್ನೆಗಳೇ ಜಾಸ್ತಿ. ಈ ಔಷಧಿ ಯಾಕಿಷ್ಟು ನಾರುತ್ತದೆ, ಇದನ್ನು ಮೊದಮೊದಲು ಯಾರ ತಲೆಗೆ ಹಚ್ಚಿ ನೋಡಿದರು, ಆ ಹೆಂಗಸು ಮನೆಗೆ ಹೋದಮೇಲೆ ಗಂಡ ಏನಂದ, ಒಂದನ್ನೂ ಬಿಡುವವಳಲ್ಲ. ನಮ್ಮೂರು ಬಾಮ್‌ಗೋಲ್‌ನಲ್ಲಿ ಇರುವ ಒಂದೇ ಕೂದಲಂಗಡಿ ನನ್ನದು. ಊರಿನ ಅಜ್ಜಿಯರೆಲ್ಲ ನನ್ನ ಕೈಗೇ ತಲೆ ಒಪ್ಪಿಸಿ ಕೂರುವವರು. ಆದರೆ ನನ್ನನ್ನು ಹೀಗೆ ಸುಸ್ತು ಮಾಡುವವಳು ಇವಳೊಬ್ಬಳೇ.

"ಯಾರು ಹೇಳಿದ್ದು? ಯಾಕೆ ಹೇಳಿದ್ದು?" ಈ ಎರಡು ಪ್ರಶ್ನೆ ಅವಳ ನಾಲಿಗೆಯ ತುದಿಯಲ್ಲೇ ಇರುತ್ತವೆ. ಒಮ್ಮೆ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಕಾಫಿ ಬಿಡಿ ಎಂದರು ಡಾಕ್ಟರು. "ಯಾರು ಹೇಳಿದ್ದು?" ಎಂದಳು. "ನಾನೇ ಹೇಳ್ತಿದೀನಲ್ಲ ಅಜ್ಜಿ" ಎಂದರು ಅವರು. "ಅದು ಸರಿ, ನಿಮಗೆ ಯಾರು ಹೇಳಿದ್ದು?" ಡಾಕ್ಟರು ಪಾಪ, ಪೆನ್ನು ಕೆಳಗಿಟ್ಟು ಹೃದಯದ ಚಿತ್ರ ಬರೆದು ತೋರಿಸಿದರು. ಅಜ್ಜಿ ಮೂಗು ತಾಗುವಷ್ಟು ಹತ್ತಿರದಿಂದ ಅದನ್ನು ನೋಡಿ, "ಹಾಂ, ಈಗ ಬಿಡ್ತೀನಿ" ಎಂದಳು. ಬಿಟ್ಟೂ ಬಿಟ್ಟಳು.

ನಮ್ಮೂರಿಗೆ ಸೊಸೆಯಾಗಿ ಬಂದವಳಿಗೆ ತವರೂರಿನ ಹೆಸರೇ ಹೆಸರು. ಹಾದೊಂಗ್‌ನಿಂದ ಬಂದವಳು ಹಾದೊಂಗ್‌ದೇಕ್, ಅಂದರೆ ಹಾದೊಂಗ್‌ನ ಸೊಸೆ, ಆದಳು, ನಮಗೆಲ್ಲ ಹಾದೊಂಗ್ ಅಜ್ಜಿಯಾದಳು. ತಂದೆತಾಯಿ ಇಟ್ಟ ಹೆಸರನ್ನು ಕೇಳಿದವರಿಲ್ಲ, ಕರೆದವರಿಲ್ಲ. ಗಂಡ ಸೊಕ್ ದಾಲ್ಗುನ್ ಕೂಡ ಅವಳನ್ನು "ಇಲ್ನೋಡು" ಎಂದೇ ಕರೆಯುತ್ತಿದ್ದ. ಅವನದು ಮಾತು ಕಡಿಮೆ. ಸೋಯಾ ಹೊಲ, ಚೆಸ್ಟ್‌ನಟ್ ತೋಪು, ಇಷ್ಟೇ ಅವನ ಲೋಕ. ಆದರೆ ಊರಿನಲ್ಲಿ ಯಾರಾದರೂ ಸತ್ತರೆ ಅವನಿಲ್ಲದೆ ಚಟ್ಟ ಏಳುತ್ತಿರಲಿಲ್ಲ. ಮುಂದೆ ನಿಂತು ಕೈಗಂಟೆ ಬಾರಿಸುತ್ತ ಚಟ್ಟದ ಹಾಡು ಹೇಳಿಕೊಡುವವನು ಅವನೇ. ಅವನು ಒಂದು ಸಾಲು ಹಾಡಿದರೆ ಹೊರುವವರು "ಒಹೊ, ಒಹೊ" ಎಂದು ಒಂದು ಹೆಜ್ಜೆ ಇಡುತ್ತಾರೆ. ಗಂಟೆ ನಿಂತರೆ ಹೆಜ್ಜೆಯೂ ನಿಲ್ಲುತ್ತದೆ. ಆ ಹಾಡನ್ನು ಮನೆಯೊಳಗೆ ಗುನುಗುವಂತಿಲ್ಲ, ಗುನುಗಿದರೆ ಸಾವನ್ನು ಒಳಗೆ ಕರೆದ ಹಾಗೆ. ಅದಕ್ಕೇ ದಾಲ್ಗುನ್ ಅಭ್ಯಾಸ ಮಾಡಲು ಗುಡ್ಡಕ್ಕೆ ಹೋಗುತ್ತಿದ್ದ. ಅಜ್ಜಿ ಅಲ್ಲೇ ಸೊಪ್ಪು ಕೀಳುತ್ತ ಕೇಳಿಸಿಕೊಳ್ಳುತ್ತಿದ್ದಳು. ಗಂಟೆ ಹಿಡಿಯುವುದು ಹೆಂಗಸರ ಕೆಲಸವಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರಂತೆ. ಯಾಕೆ ಎಂದು ಕೇಳಿದ್ದಕ್ಕೆ ಉತ್ತರ ಬಂದಿರಲಿಲ್ಲ.

ಆ ಗುಡ್ಡವನ್ನೇ ಒಂದು ಕಂಪನಿ ಕಲ್ಲು ಕ್ವಾರಿಗೆ ಕೇಳಿತು. ನಮ್ಮೂರ ಕಡೆಯ ಇಳಿಜಾರಿನಲ್ಲಿ ನಮ್ಮ ಹಿರಿಯರ ಸಮಾಧಿಗಳಿವೆ. ತಾಲೂಕು ಕಚೇರಿಯವರು ಅಹವಾಲು ಸಭೆ ಇಟ್ಟರು, ಊರಿನ ಸಭಾಭವನದಲ್ಲಿ. ಸಭೆ ನಡೆದರೆ ತಾನೇ ಕ್ವಾರಿ, ಸಭೆಯೇ ನಡೆಯದಿದ್ದರೆ? ಹೀಗೆ ನಾವು ಹೆಂಗಸರೆಲ್ಲ ನನ್ನ ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದೆವು. ಆ ದಿನ ಬೆಳಿಗ್ಗೆ ಹಾದೊಂಗ್ ಅಜ್ಜಿ ಸಭಾಭವನದ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿ ಮಲಗಿಯೇಬಿಟ್ಟಳು. ನಾವು ಅವಳ ಸುತ್ತ ಕೂತೆವು. ಪರಿಸರ ವಿಭಾಗದ ಅಧಿಕಾರಿ ತಾಕ್ ಸಾಹೇಬರು ದಾಟಲೂ ಆಗದೆ, ಎತ್ತಲೂ ಆಗದೆ, ಇಂಗು ತಿಂದ ಮಂಗನ ಹಾಗೆ ಮುಖ ಮಾಡಿಕೊಂಡು ವಾಪಸು ಹೋದರು. ಸಂಜೆ ಮಕ್ಕೊಲ್ಲಿ ಹೆಂಡ ಹರಿಯಿತು, ಕಿಮ್ಚಿ ಎಲೆಕೋಸಿನ ದೋಸೆ ಹೊಯ್ದೆವು, ಗೆದ್ದೆವೆಂದು ಕುಣಿದೆವು. ಅಯ್ಯೋ, ಎಂಥ ಪೆದ್ದರು ನಾವು!

ಎರಡನೇ ಸಭೆಗೆ ದಿನ ಗೊತ್ತಾಯಿತು. ಅದಕ್ಕೆ ಎರಡು ದಿನ ಮುಂಚೆ ದಾಲ್ಗುನ್ ತೋಪಿನಲ್ಲಿ ಕುಸಿದುಬಿದ್ದ. ಎಬ್ಬಿಸುವಷ್ಟರಲ್ಲಿ ಉಸಿರಿರಲಿಲ್ಲ.

ನಮ್ಮಲ್ಲಿ ಮೂರನೇ ದಿನ ಮಣ್ಣು ಮಾಡುವುದು. ಮೂರನೇ ದಿನ ಅಂದರೆ ಸಭೆಯ ದಿನವೇ. ಊರ ಮುಖಂಡ ಪಾಂಗ್ ಕಚೇರಿಗೆ ಫೋನು ಮಾಡಿ, ಊರಿನಲ್ಲಿ ಸಾವಾಗಿದೆ, ದಿನ ಮುಂದೆ ಹಾಕಿ ಎಂದು ಕೇಳಿಕೊಂಡ. ದಿನಾಂಕ ಪತ್ರಿಕೆಯಲ್ಲಿ ಬಂದಾಗಿದೆ, ಬದಲಿಸಲು ಬರುವುದಿಲ್ಲ ಎಂದರಂತೆ. ಸರಿ, ನೀವು ನಿಮ್ಮ ಸಭೆ ಮಾಡಿ, ನಾವು ನಮ್ಮ ಸಾವು ಮಾಡುತ್ತೇವೆ ಅಂದುಕೊಂಡೆವು. ಗುಡ್ಡಕ್ಕೆ ಹೋಗುವ ದಾರಿ ಒಂದೇ, ಅದು ಸಭಾಭವನದ ಮುಂದೆಯೇ ಹಾಯುತ್ತದೆ.

ಕಾಗದದ ಹೂವು ಕಟ್ಟಿದ ಚಟ್ಟ ಎದ್ದಿತು. ಹಾಡುವವನೇ ಚಟ್ಟದಲ್ಲಿ ಮಲಗಿದ್ದಾನೆ, ಇನ್ನು ಗಂಟೆ ಹಿಡಿಯುವವರು ಯಾರು? ಪಾಂಗ್ ಹಿಡಿದ. ಗದ್ದೆ ದಾಟುವವರೆಗೆ ಹೇಗೋ ಹಾಡಿದ. ಸಭಾಭವನದ ಮುಂದೆ ಬಂದರೆ ಪೊಲೀಸ್ ಜೀಪು, ಕಂಪನಿಯವರು, ಜೊತೆಗೆ ವಿಡಿಯೋ ಹಿಡಿದುಕೊಂಡ ತಾಕ್ ಸಾಹೇಬರು. ಕ್ಯಾಮೆರಾ ಕಂಡದ್ದೇ ಪಾಂಗ್‌ಗೆ ಮುಂದಿನ ಸಾಲು ಮರೆತೇಹೋಯಿತು. ಗಂಟೆ ನಿಂತಿತು. ಚಟ್ಟವೂ ನಿಂತಿತು, ಸರಿಯಾಗಿ ಬಾಗಿಲಿಗೇ ಅಡ್ಡವಾಗಿ.

"ಮುಂದಿಂದು ಹೇಳಯ್ಯಾ, ಭುಜ ಕಿತ್ತು ಬರ್ತಿದೆ!" ಹೊತ್ತವರು ಕೂಗಿದರು. ಹೊತ್ತವರಲ್ಲಿ ಅರವತ್ತು ದಾಟದವನು ಒಬ್ಬನೂ ಇಲ್ಲ.

"ಬರ್ತಿಲ್ಲ ಕಣ್ರೋ, ಬರ್ತಿಲ್ಲ!" ಪಾಂಗ್ ಅಳುವುದೊಂದು ಬಾಕಿ.

ಆಗ ಹಿಂದಿನಿಂದ ಸೂತಕದ ನಾರುಬಟ್ಟೆ ಉಟ್ಟ ಅಜ್ಜಿ ಬಂದಳು. ಪಾಂಗ್‌ನ ಕೈಯಿಂದ ಗಂಟೆ ಕಿತ್ತುಕೊಂಡಳು. ಅವಳ ದನಿ ಒಡೆದಿತ್ತು, ಆದರೆ ಹಾಡು ತಪ್ಪಲಿಲ್ಲ.

"ಹೊತ್ತು ತಂದ ಅಣ್ಣಗಳಿರಾ, ಇದೇ ನನ್ನ ಗುಡ್ಡವಯ್ಯ, ಹಾಸಿಗೆ ಹಾಸಿದ್ದಾಯಿತು, ಕದವ ಮುಚ್ಚಿದ್ದಾಯಿತು, ಇನ್ನು ಇಲ್ಲಿಂದ ನನ್ನ ಎಬ್ಬಿಸಬೇಡಿ."

ಹೊತ್ತವರ ಕಣ್ಣಿನಲ್ಲಿ ನೀರು. ಚಟ್ಟ ಮುಂದೆ ಹೋಯಿತು, ಸಾಹೇಬರು ಸಭೆ ನಡೆಸದೆ ಹೊರಟುಹೋದರು. ದಾಲ್ಗುನ್‌ನನ್ನು ಅವನ ಅಪ್ಪನ ಪಕ್ಕದಲ್ಲೇ ಮಲಗಿಸಿ ಬಂದೆವು. ನನಗೆ ಆ ದಿನ ಅಜ್ಜಿಯ ಮೇಲೆ ಉಕ್ಕಿದ ಪ್ರೀತಿ ಅಷ್ಟಿಷ್ಟಲ್ಲ. ಹೆಂಗಸು ಗಂಟೆ ಹಿಡಿದಳಲ್ಲಾ ಎಂದು ಒಬ್ಬರೂ ಕೊಂಕು ತೆಗೆಯಲಿಲ್ಲ.

ಸಮಾಧಿಯ ಮೇಲೆ ಹುಲ್ಲು ಬೇರು ಬಿಡುವ ಮೊದಲೇ ಸಭಾಭವನದ ಗೋಡೆಗೆ ಕಚೇರಿಯ ನೋಟೀಸು ಬಂದು ಕೂತಿತು. ಊರವರು ಎರಡು ಸಲ ಅಹವಾಲು ಸಭೆಗೆ ಅಡ್ಡಿಪಡಿಸಿದ್ದರಿಂದ, ನಿಯಮದ ಪ್ರಕಾರ ಸಭೆಯನ್ನು ಕೈಬಿಡಲಾಗಿದೆ, ಕ್ವಾರಿಗೆ ಪರವಾನಗಿ ಕೊಡಲಾಗಿದೆ. ಕಂಪನಿಯವನೊಬ್ಬ ಬಂದು ಸಮಾಧಿಗಳನ್ನು ಬೇರೆ ಕಡೆಗೆ ಸಾಗಿಸುವ ಖರ್ಚು ತಮ್ಮದೇ ಎಂದು ದೊಡ್ಡ ಉಪಕಾರ ಮಾಡಿದವನ ಹಾಗೆ ಹೇಳಿಹೋದ.

ಅಜ್ಜಿ ನನ್ನ ಕೈಯಲ್ಲಿ ಅದನ್ನು ಮೂರು ಸಲ ಓದಿಸಿದಳು. "ನಾನು ಅಡ್ಡ ಮಲಗಿದ್ದು ಒಂದ್ಸಲ. ಎರಡನೇದು ಯಾರು?"

"ನಿನ್ನ ಗಂಡ ಅಜ್ಜಿ" ಎಂದೆ.

ಅವಳು ನಗಲೂ ಇಲ್ಲ, ಅಳಲೂ ಇಲ್ಲ. "ನಿನ್ನೆ ಮೊನ್ನೆ ಮಲಗಿಸಿ ಬಂದಿದೀನಿ ಕಣೇ. ಅವರನ್ನ ಮತ್ತೆ ಅಗೆದು ತೆಗೀತಾರಾ?" ಎಂದಳು. ಊರು ಸುಮ್ಮನಿರಬೇಕಲ್ಲ? ಮೊದಲ ಸಲ ಇವಳು ಬಾಗಿಲಲ್ಲಿ ಮಲಗದೆ ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದು ಪಾಂಗ್‌ನ ಹೆಂಡತಿ ನನ್ನ ಅಂಗಡಿಯಲ್ಲೇ ಕೂತು ಅಂದಳು. ಆ ದಿನ ಚಾಪೆ ತಂದುಕೊಟ್ಟವಳು ಅವಳೇ. ಸಿಟ್ಟು ಬಂದು ಅವಳ ಕೂದಲಿಗೆ ಸುತ್ತಿದ್ದ ಸುರುಳಿ ಕಡ್ಡಿಯನ್ನು ಸ್ವಲ್ಪ ಬಿಗಿಯಾಗಿಯೇ ಎಳೆದೆ.

ನಗರದ ವಕೀಲೆ ಮೆಂಗ್ ಎಂಬಾಕೆ ಪರವಾನಗಿಯ ವಿರುದ್ಧ ನಮ್ಮ ಕೇಸು ಹಿಡಿದಳು. ದಿಟ್ಟ ಹೆಂಗಸು, ತುಂಡು ಕೂದಲು, ಮಾತೂ ತುಂಡು. ನಮ್ಮ ಸರದಿ ಬರುವುದಕ್ಕೆ ತಿಂಗಳುಗಳಿದ್ದವು. ಅಷ್ಟರೊಳಗೆ ಅಜ್ಜಿಗೆ ಒಂದು ವಿಷಯ ತಿಳಿಯಿತು, ಕೋರ್ಟಿನಲ್ಲಿ ಯಾರು ಬೇಕಾದರೂ ಹಿಂದೆ ಕೂತು ನೋಡಬಹುದು.

"ಯಾರು ಬೇಕಾದ್ರೂ? ದುಡ್ಡು ಕೊಡ್ದೆ?"

"ಕೊಡ್ದೆ."

"ನಮ್ಮಂಥೋರೂ?"

"ನಿಮ್ಮಂಥೋರಿಗೇ ಇರೋದು ಅದು" ಎಂದಳು ಮೆಂಗ್.

ಸಂತೆಯ ದಿನ ಬಂತೆಂದರೆ ಸೊಪ್ಪು ಮಾರಿ, ಬುಟ್ಟಿ ಬಸ್‌ಸ್ಟ್ಯಾಂಡಿನಲ್ಲಿ ಬಿಟ್ಟು, ಅಜ್ಜಿ ಕೋರ್ಟಿಗೆ ಹೋಗಿ ಕೂರಲು ಶುರುಮಾಡಿದಳು. ಕೆಲವು ಸಲ ನಾನೂ ಹೋದೆ, ಸುಳ್ಳೇಕೆ, ನನಗೂ ಕುತೂಹಲ. ಕುಡಿದು ಟ್ರ್ಯಾಕ್ಟರ್ ಓಡಿಸಿದವನು, ಬೇಲಿಗಾಗಿ ಹೊಡೆದಾಡಿದ ಅಣ್ಣತಮ್ಮಂದಿರು, ಎಲ್ಲರ ಕೇಸನ್ನೂ ನೋಡಿದೆವು. ಸುಟ್ಟ ಗೆಣಸು ಸುಲಿಯಲು ಹೋಗಿ ಕಾವಲುಗಾರನ ಕೈಲಿ ಬೈಸಿಕೊಂಡೆವು. ಅಜ್ಜಿ ಗಮನಿಸುತ್ತಿದ್ದದ್ದೇ ಬೇರೆ. "ನೋಡು, ಕೂಗಾಡೋನ್ನ ಹೊರಗೆ ಕಳಿಸ್ತಾರೆ. ಸುಮ್ಮನೆ ಕೂತೋನ್ನ ಕೇಳೋದೇ ಇಲ್ಲ. ಎದ್ದು ನಿಂತು ನಿಧಾನಕ್ಕೆ ಮಾತಾಡೋನ ಮಾತು ಮಾತ್ರ ಆ ಹುಡುಗಿ ಟೈಪ್ ಮಾಡ್ತಾಳೆ. ಇದನ್ನ ನಮಗೆ ಮೊದಲೇ ಯಾಕೆ ಯಾರೂ ಹೇಳ್ಲಿಲ್ಲ?" ಎಂದು ಬಸ್ಸಿನಲ್ಲಿ ಕೇಳಿದಳು.

ನಮ್ಮ ಸರದಿ ಬಂತು. "ಪ್ಯೊ ಜೊಮ್ರೆ!" ಎಂದು ಕರೆದರು. ಯಾರೂ ಏಳಲಿಲ್ಲ. ಮತ್ತೆ ಕರೆದರು. ಅಜ್ಜಿ ನನ್ನ ಪಕ್ಕೆಗೆ ತಿವಿದು, "ಯಾರೇ ಅವಳು, ಇಷ್ಟು ಕರೆದ್ರೂ ಬರಲ್ವಲ್ಲ, ಕೊಬ್ಬು!" ಎಂದಳು. ಮೆಂಗ್ ಹಿಂದೆ ತಿರುಗಿ ಕಣ್ಣು ಬಿಟ್ಟಾಗಲೇ ಅಜ್ಜಿಗೆ ಅದು ತನ್ನ ಹೆಸರೆಂದು ನೆನಪಾದದ್ದು. ಕೆಂಪಾಗಿ ಎದ್ದಳು, ಜನ ನಕ್ಕರು, ನಾನೂ ಬಾಯಿ ಮುಚ್ಚಿಕೊಂಡು ನಕ್ಕೆ.

ಗೋಡೆಯ ಮೇಲೆ ತಾಕ್ ಸಾಹೇಬರ ವಿಡಿಯೋ ಹಾಕಿದರು. ನಗು ಅಲ್ಲಿಗೆ ನಿಂತಿತು. ಕಾಗದದ ಹೂವುಗಳು, ನಿಂತ ಚಟ್ಟ, ಗಂಟೆ ಹಿಡಿದ ಅಜ್ಜಿ. ಅಜ್ಜಿ ಮುಂಗೈಯಿಂದ ಕಣ್ಣೊರೆಸಿಕೊಂಡಳು.

ಕಚೇರಿಯ ವಕೀಲ ಎದ್ದ. "ಮೊದಲನೇ ಸಭೆ ದಿನ ಬಾಗಿಲಲ್ಲಿ ಮಲಗಿದ್ದು ನೀವೇ ಅಲ್ವಾ?"

"ನಾನೇ."

"ಎರಡನೇ ದಿನ ಗಂಟೆ ಹಿಡಿದು ಜನರಿಂದ ಕೂಗಿಸಿದ್ದೂ ನೀವೇ?"

"ನಾನೇ."

"ಇದು ನನ್ನ ಗುಡ್ಡ, ಇಲ್ಲಿಂದ ಎಬ್ಬಿಸಬೇಡಿ. ಇದು ಕ್ವಾರಿ ವಿರುದ್ಧದ ಘೋಷಣೆ ಅಲ್ದೆ ಮತ್ತೇನು?"

"ಅದು ಸತ್ತೋನ ಮಾತು ಸ್ವಾಮಿ, ನಂದಲ್ಲ."

"ಚಟ್ಟದಲ್ಲಿ ಶವ ಇತ್ತು ಅನ್ನೋದನ್ನ ನಾವೂ ಒಪ್ಪಿದೀವಿ" ಎಂದು ವಕೀಲ ನ್ಯಾಯಾಧೀಶರತ್ತ ತಿರುಗಿದ. "ಆದ್ರೆ ಆ ಸಾಲುಗಳನ್ನ ಇವರು ಅವತ್ತೇ ಕಟ್ಟಿದ್ದು. ಸಾವನ್ನೇ ಪ್ರತಿಭಟನೆ ಮಾಡ್ಕೊಂಡಿದ್ದಾರೆ. ಸಭೆಗೆ ಅಡ್ಡಿ ಮಾಡೋಕೆ ಅಂತಾನೇ ಅಲ್ಲಿ ನಿಂತಿದ್ದು."

ಇಡೀ ಕೇಸು ಬಂದು ನಿಂತದ್ದು ಇಲ್ಲಿ. ಆ ಸಾಲು ಹಳೆಯ ಹಾಡಿನದಾದರೆ ನಡೆದದ್ದು ಶವಯಾತ್ರೆ. ಅಂದೇ ಕಟ್ಟಿದ್ದಾದರೆ ಅದು ಅಡ್ಡಿ, ದಾಲ್ಗುನ್‌ನ ಮೂಳೆ ಮತ್ತೆ ಹೊರಗೆ. ಮುಖ್ಯ ನ್ಯಾಯಾಧೀಶರು ಕನ್ನಡಕ ತೆಗೆದು, "ಅಜ್ಜೀ, ಹಾಡನ್ನ ಮೊದಲಿಂದ ಒಂದ್ಸಲ ಹೇಳಿ, ಕೇಳೋಣ" ಎಂದರು. ಅಬ್ಬಾ, ಗೆದ್ದೆವು ಅಂದುಕೊಂಡೆ ನಾನು.

ಮೆಂಗ್ ಪಿಸುಗುಟ್ಟಿದಳು, "ಹೇಳಿ ಅಜ್ಜಿ, ಹೇಳಿ." ಅಜ್ಜಿ ಸುತ್ತ ಮುತ್ತ ನೋಡಿದಳು, ಮೇಲೆ ಸೂರು ನೋಡಿದಳು. ಆಮೇಲೆ ನ್ಯಾಯಾಧೀಶರನ್ನೇ ಕೇಳಿದಳು, "ನಿಮ್ಮ ತಾಯಿ ಇದ್ದಾರಾ?"

ಕಚೇರಿಯ ವಕೀಲ ಆಕ್ಷೇಪ ಎಂದು ಎದ್ದ. ನ್ಯಾಯಾಧೀಶರು ಅವನನ್ನು ಕೈಸನ್ನೆಯಲ್ಲೇ ಕೂರಿಸಿದರು. "ಇದ್ದಾರೆ. ಎಂಬತ್ತೆಂಟಾಯ್ತು."

"ಹಂಗಾದ್ರೆ ನಾನಿಲ್ಲಿ ಹಾಡಲ್ಲ. ಸೂರಿನ ಕೆಳಗೆ, ಹೆಣ ಇಲ್ದೆ, ಆ ಹಾಡು ಹಾಡಬಾರ್ದು. ಇಲ್ಲಿ ಕೂತೋರ ಮನೇಲೆಲ್ಲ ತಂದೆತಾಯಿ ಇರ್ತಾರೆ." ಅಷ್ಟಕ್ಕೇ ನಿಲ್ಲದೆ ಕಚೇರಿಯ ವಕೀಲನತ್ತ ನೋಡಿ, "ಈ ಅಣ್ಣನ ಮನೇಲೂ" ಎಂದಳು.

ಮೆಂಗ್ ತಲೆ ಮೇಲೆ ಕೈಹೊತ್ತು ಕೂತಳು. ನನಗೂ ತಲೆ ಕೆಟ್ಟುಹೋಯಿತು. ಮುದುಕೀ, ನಿನ್ನ ಗಂಡನ ಸಮಾಧಿ ಹೋಗುತ್ತಿದೆ, ಯಾರದೋ ಅಮ್ಮನ ಚಿಂತೆ ನಿನಗೆ! ಕೂಗಿಬಿಡುವಷ್ಟು ಸಂಕಟವಾಯಿತು.

ನ್ಯಾಯಾಧೀಶರು ಕನ್ನಡಕ ಮತ್ತೆ ಹಾಕಿಕೊಂಡರು. "ಮತ್ತೆ ಎಲ್ಲಿ ಹಾಡ್ತೀರಿ?"

"ಗುಡ್ಡದಲ್ಲಿ. ಬಂದ್ರೆ ಕೇಳಿಸ್ತೀನಿ."

ಬಂದರು! ಕೋರ್ಟು ಸ್ಥಳ ಪರಿಶೀಲನೆಗೆ ಬರಬಹುದಂತೆ, ಅದೂ ಕಾನೂನಿನಲ್ಲೇ ಇದೆಯಂತೆ. ಮೂವರು ನ್ಯಾಯಾಧೀಶರು, ಟೈಪಿನ ಹುಡುಗಿ, ಎರಡೂ ಕಡೆಯ ವಕೀಲರು, ತಾಕ್ ಸಾಹೇಬರು, ಎಲ್ಲರೂ ಏದುಸಿರು ಬಿಡುತ್ತ ನಮ್ಮ ಗುಡ್ಡ ಹತ್ತಿದರು. ಅಜ್ಜಿ ಸಮಾಧಿಯ ಮುಂದೆ ಮಕ್ಕೊಲ್ಲಿ ಸುರಿದು, ಎರಡು ಸಲ ಅಡ್ಡಬಿದ್ದು, ಗಂಟೆ ಹಿಡಿದಳು. ಅಂದು ಚಟ್ಟ ಹೊತ್ತಿದ್ದವರು ಬರಿ ಭುಜದಲ್ಲೇ ಸಾಲಾಗಿ ನಿಂತರು. ಊರ ಅಂಚಿನಲ್ಲಿ ಹಾಡುವ ಸಾಲಿನಿಂದ ಹಿಡಿದು ಒಂದೊಂದನ್ನೇ ಅಜ್ಜಿ ಹಾಡುತ್ತ ಬಂದಳು. "ಒಹೊ, ಒಹೊ" ಎಂದು ಗಂಡಸರು ಹೆಜ್ಜೆಯಿಟ್ಟರು.

"ಇನ್ನು ಇಲ್ಲಿಂದ ನನ್ನ ಎಬ್ಬಿಸಬೇಡಿ" ಎಂಬ ಸಾಲಿಗೆ ಬಂದಾಗ ಒಹೊ ನಿಂತಿತು. ಎಲ್ಲರೂ ಒಂದೇ ದನಿಯಲ್ಲಿ, "ಎಬ್ಬಿಸೆವು, ಎಬ್ಬಿಸೆವು" ಎಂದರು. ಹೀಗೆ ಹೇಳಿ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹಾಡಿನುದ್ದಕ್ಕೂ ಇಲ್ಲದ ಆ ಉತ್ತರ ಆ ಒಂದು ಸಾಲಿಗೆ ಮಾತ್ರ. ನ್ಯಾಯಾಧೀಶರು ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಅದನ್ನು ಎಲ್ಲಿ ಕಲಿತಿರಿ ಎಂದು ಕೇಳಿದರು. ಅಪ್ಪನ ಮಣ್ಣಿನ ದಿನ, ಅತ್ತೆಯ ಮಣ್ಣಿನ ದಿನ, ಹೀಗೆ ಒಬ್ಬೊಬ್ಬರು ಒಂದೊಂದು ಸಾವು ಹೇಳಿದರು.

ನ್ಯಾಯಾಧೀಶರು ತಾಕ್ ಸಾಹೇಬರ ಕಡೆ ತಿರುಗಿದರು. "ಸಾವಾಗಿದೆ ಅಂತ ಫೋನ್ ಮಾಡಿದ್ರಂತಲ್ಲ?"

"ಮಾಡಿದ್ರು ಸರ್. ಈಗೆಲ್ಲ ಖಾಲಿ ಚಟ್ಟ ಹೊತ್ತು ಪ್ರತಿಭಟನೆ ಮಾಡೋದೇ ಜಾಸ್ತಿ. ಇದೂ ಅಂಥದ್ದೇ ಇರ್ಬೇಕು ಅಂದ್ಕೊಂಡೆ."

"ಹತ್ತಿರ ಹೋಗಿ ಕೇಳಲಿಲ್ವಾ?"

"ಇಲ್ಲ ಸರ್" ಎಂದರು ತಾಕ್, ನೆಲ ನೋಡುತ್ತ. ಮನುಷ್ಯ ಕೆಟ್ಟವನಲ್ಲ, ಅದು ನನಗೆ ಆಗಲೇ ಅನ್ನಿಸಿತು.

ಇಳಿಯುವ ಮುಂಚೆ ಅಜ್ಜಿ ತೋಫು, ಕಿಮ್ಚಿ ಎಲ್ಲ ಬಿಚ್ಚಿ ನ್ಯಾಯಾಧೀಶರ ಮುಂದೆ ಹಿಡಿದಳು. ತಿನ್ನುವ ಹಾಗಿಲ್ಲ ಎಂದರು ಅವರು.

"ಯಾರು ಹೇಳಿದ್ದು?"

"ಕಾನೂನು."

"ಯಾಕೆ ಹೇಳಿದ್ದು?"

ಅವರು ಯೋಚಿಸಿ, "ನಿಮ್ಮ ಕೈಲಿ ತಿಂದ್ರೆ ಕಂಪನಿಯವರ ಕೈಲೂ ತಿನ್ನಬೇಕಾಗತ್ತೆ ಅಜ್ಜಿ" ಎಂದರು. "ಹಾಂ!" ಎಂದು ಅಜ್ಜಿ ಡಬ್ಬಿ ಮುಚ್ಚಿದಳು. ಮನೆಗೆ ಬಂದವರು ಉಪವಾಸ ಹೋದರೆಂಬ ಕೊರಗು ಮಾತ್ರ ಅವಳಿಗೆ ವಾರಗಟ್ಟಲೆ ಇತ್ತು.

ತೀರ್ಪು ನಮ್ಮ ಕಡೆಗಾಯಿತು. ಎರಡನೇ ದಿನ ನಡೆದದ್ದು ಅಡ್ಡಿಯಲ್ಲ, ಸಭೆಯನ್ನು ಕೈಬಿಟ್ಟದ್ದು ತಪ್ಪು, ಪರವಾನಗಿ ರದ್ದು. ನಾವೆಲ್ಲ ಕೋರ್ಟಿನ ಮೆಟ್ಟಿಲ ಮೇಲೆ ತಬ್ಬಿಕೊಂಡು ಅತ್ತೆವು. ಅಜ್ಜಿ ಮಾತ್ರ ಮೆಂಗ್‌ಳ ತೋಳು ಹಿಡಿದಳು. "ಗುಡ್ಡ ಉಳೀತಾ?"

"ಇಲ್ಲ ಅಜ್ಜಿ. ನಿಮ್ಮ ಮಾತು ಕೇಳ್ಬೇಕು ಅಂತ ಆಯ್ತು, ಅಷ್ಟೇ."

"ಕೇಳಿಸ್ಕೊಂಡು ಆಮೇಲೆ ತಮಗೆ ಬೇಕಾದ್ದೇ ಮಾಡಬಹುದಾ?"

"ಮಾಡಬಹುದು. ಆದ್ರೆ ಯಾಕೆ ಮಾಡಿದ್ವಿ ಅಂತ ಬರೆದುಕೊಡ್ಬೇಕು."

"ಅಷ್ಟಕ್ಕೆ ಇಷ್ಟೆಲ್ಲಾನಾ!" ಎಂದಳು ಅಜ್ಜಿ. ಬಸ್ಸು ಹತ್ತಿದ ಮೇಲೆ ನನ್ನ ಕಿವಿಯಲ್ಲಿ, "ಆದ್ರೂ ಯಾಕೆ ಅಂತ ಹೇಳ್ಬೇಕಲ್ಲ ಕಣೇ. ಅದು ಸಣ್ಣದಲ್ಲ" ಎಂದಳು.

ಸಭೆ ನಡೆಯಿತು. ಹೆಸರು ಕೊಟ್ಟವರಿಗೆಲ್ಲ ಮೈಕಿನ ಮುಂದೆ ಐದೈದು ನಿಮಿಷ. ಈ ಸಲ ಪ್ಯೊ ಜೊಮ್ರೆ ಎಂದು ಕರೆದದ್ದೇ ಅಜ್ಜಿ ಎದ್ದಳು. ಗೋಡೆಯ ಮ್ಯಾಪಿನ ಹತ್ತಿರ ಹೋಗಿ ನಿಂತು, ತಾಕ್ ಸಾಹೇಬರನ್ನು ಕೇಳಿದಳು, "ಇದರಲ್ಲಿ ನನ್ನ ಗಂಡ ಎಲ್ಲಿದ್ದಾರೆ?" ಸಾಹೇಬರು ಹುಡುಕಿದರು, ಕಂಪನಿಯವರು ಹುಡುಕಿದರು. ಅಳತೆ ಮಾಡಿದಾಗ ದಾಲ್ಗುನ್ ಬದುಕಿದ್ದ, ಇನ್ನು ಮ್ಯಾಪಿನಲ್ಲಿ ಹೇಗೆ ಇರುತ್ತಾನೆ? "ಇಲ್ಲ ಅಜ್ಜಿ" ಎಂದರು ತಾಕ್. "ಹಂಗಾದ್ರೆ ಹಾಕಿ" ಎಂದು ಬೆರಳಿಟ್ಟು ತೋರಿಸಿದಳು. ಅವರು ಪೆನ್ನು ತೆಗೆದು ಅಲ್ಲೊಂದು ಗುರುತು ಹಾಕಿದರು. ಅವಳು ಬಂದು ಕೂತಳು.

ಎರಡು ತಿಂಗಳಿಗೆ ಹೊಸ ಮ್ಯಾಪು ಬಂತು. ಕ್ವಾರಿಯ ಗೆರೆ ನಮ್ಮ ಇಳಿಜಾರನ್ನು ಬಿಟ್ಟು ಹಿಂದಕ್ಕೆ ಸರಿದಿತ್ತು. ದಾಲ್ಗುನ್ ಉಳಿದ, ನಮ್ಮ ಹಿರಿಯರೆಲ್ಲ ಉಳಿದರು. ಪಾಂಗ್ ಹಂದಿ ಕಡಿಸಿದ, ಪಾಂಗ್‌ನ ಹೆಂಡತಿ ಅಜ್ಜಿಯ ಬಾಯಿಗೆ ತಾನೇ ಮಾಂಸದ ತುಂಡು ಇಟ್ಟಳು. ಅಜ್ಜಿ ಅಗಿಯುತ್ತಲೇ ಮ್ಯಾಪು ನೋಡುತ್ತಿದ್ದಳು.

"ಗೆರೆ ಆಚೆ ಹೋಯ್ತಲ್ಲ, ಆಚೆ ಏನಿದೆ?"

"ಗುಡ್ಡದ ಆ ಮಗ್ಗುಲು. ಜೇನೊಮೊದವರದ್ದು" ಎಂದೆ. ಜೇನೊಮೊ ಕಣಿವೆಯಾಚೆಯ ಸಣ್ಣ ಊರು.

"ಅವರ ಸಮಾಧಿಗಳು?"

ಅವರವೂ ಅಲ್ಲೇ ಇದ್ದವು. ಗೊತ್ತಿದ್ದೂ ನಾವೆಲ್ಲ ಅದನ್ನು ಯೋಚಿಸಿರಲಿಲ್ಲ. ಮಾರನೆಯ ದಿನ ಅಜ್ಜಿ ತಾಕ್ ಸಾಹೇಬರಿಗೆ ನನ್ನ ಫೋನಿನಿಂದಲೇ ಫೋನು ಮಾಡಿಸಿದಳು. ಅವರನ್ನ ಕೇಳಿದ್ರಾ ಎಂದಳು. ಸಭೆಗೆ ಅವರನ್ನೂ ಕರೆದಿದ್ದೆವು, ಗೆರೆ ತಮ್ಮ ಕಡೆಗಿಲ್ಲವೆಂದು ಯಾರೂ ಬರಲಿಲ್ಲ, ಹೊಸ ಮ್ಯಾಪಿನ ಮೇಲೆ ಮುಂದಿನ ಮಂಗಳವಾರ ಇನ್ನೊಂದು ಸಭೆಯಿದೆ, ಪತ್ರಿಕೆಯಲ್ಲಿ ಹಾಕಿದ್ದೇವೆ ಎಂದರು ಅವರು.

"ಪತ್ರಿಕೇಲಿ" ಎಂದಳು ಅಜ್ಜಿ. "ಅವರು ಬಂದು ಬೇಡ ಅಂದ್ರೆ?"

"ಗೆರೆ ಮತ್ತೆ ಬದಲಾಗಬಹುದು ಅಜ್ಜಿ. ನಿಮ್ಮ ಕಡೇಗೂ ಬರಬಹುದು. ಏನೂ ಹೇಳೋಕಾಗಲ್ಲ."

ಫೋನು ಇಟ್ಟಮೇಲೆ ಚಪ್ಪಲಿ ಮೆಟ್ಟಿದಳು. ನನಗೆ ಅರ್ಥವಾಯಿತು, ಬಾಗಿಲಿಗೆ ಅಡ್ಡ ನಿಂತೆ. "ಹುಚ್ಚು ಹಿಡಿದಿದ್ಯಾ ನಿನಗೆ? ಪಾಂಗ್‌ಗೆ ಗೊತ್ತಾದ್ರೆ ಊರಿಂದ ಹೊರಗೆ ಹಾಕ್ತಾನೆ. ಅವರು ಬಂದ್ರೆ ಹೋಗೋದು ನಿನ್ನ ಗಂಡನ ಸಮಾಧಿ!"

"ಗಾಡಿ ತೆಗೀತೀಯೋ, ನಡ್ಕೊಂಡು ಹೋಗ್ಲೋ?"

ಬೈಯುತ್ತಲೇ ಗಾಡಿ ತೆಗೆದೆ. ಜೇನೊಮೊದ ಮೊದಲನೇ ಮನೆಯ ಅಂಗಳದಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ಮೂಲಂಗಿಗೆ ಉಪ್ಪು ಹಚ್ಚುತ್ತಿದ್ದಳು. ಅಜ್ಜಿ ಅಂಗಳದಲ್ಲೇ ನಿಂತು ಹೇಳಿದಳು, "ನಾನು ಬಾಮ್‌ಗೋಲ್‌ನೋಳು. ನನ್ನ ಗಂಡನ್ನ ಉಳಿಸೋಕೆ ಹೋಗಿ ನಿಮ್ಮೋರನ್ನ ಅಗೆಯೋ ಹಾಗೆ ಮಾಡ್ಬಿಟ್ಟೆ ಕಣಮ್ಮ. ಮಂಗಳವಾರ ನಮ್ಮೂರಲ್ಲಿ ಸಭೆ ಇದೆ. ಬನ್ನಿ. ಬಾಗಿಲಿಗೆ ಅಡ್ಡ ಮಲಗ್ಬೇಡಿ, ಹೆಸರು ಕೊಟ್ಟು ಕುರ್ಚಿ ಮೇಲೆ ಕೂತ್ಕೊಳ್ಳಿ."

ಆ ಹೆಂಗಸಿಗೆ ಮೊದಲು ಅರ್ಥವಾಗಲಿಲ್ಲ. ಆದಾಗ ಅವಳ ಮುಖ ಕಪ್ಪಿಟ್ಟಿತು. ಪಕ್ಕದ ಪಾತ್ರೆಯಿಂದ ಒಂದು ಹಿಡಿ ಉಪ್ಪು ತೆಗೆದು ಅಜ್ಜಿಯ ಮೇಲೆ ಎರಚಿದಳು, ಅಪಶಕುನವನ್ನು ಮನೆಯಿಂದ ಓಡಿಸುವಂತೆ. "ನಡಿ ಆಚೆ! ನಿನ್ನ ಗಂಡ ಗಂಡ, ನನ್ನ ಅಪ್ಪ ಕಲ್ಲಾ?"

ನನಗೆ ಮೈಯೆಲ್ಲ ಉರಿಯಿತು, ಜಗಳಕ್ಕೆ ಮುಂದೆ ಹೋದೆ. ಅಜ್ಜಿ ನನ್ನ ರಟ್ಟೆ ಹಿಡಿದು ಹಿಂದಕ್ಕೆಳೆದಳು. ಉಪ್ಪು ಕೊಡವಿಕೊಂಡು, "ಮಂಗಳವಾರ, ಹತ್ತು ಗಂಟೆ" ಎಂದಳು.

ಮಂಗಳವಾರ ಜೇನೊಮೊದವರು ಬಂದರು, ಒಂದು ಬಸ್ಸಿನ ತುಂಬ. ಪಾಂಗ್ ಅಜ್ಜಿಯತ್ತ ಹಲ್ಲು ಕಡಿದ. ಉಪ್ಪು ಎರಚಿದವಳು ಮೈಕಿನ ಮುಂದೆ ಬಂದು ಕ್ವಾರಿಯನ್ನು ಬಿಟ್ಟು ಮೊದಲು ಅಜ್ಜಿಯನ್ನೇ ಹಿಡಿದಳು. "ಈ ಮುದುಕಿ ಅಲ್ಲಿ ಗುರುತು ಹಾಕಿಸಿದ್ದಕ್ಕೆ ನಮ್ಮ ತಲೆ ಮೇಲೆ ಗೆರೆ ಬಂತು. ಇವರ ಊರಿನ ಸತ್ತೋರು ದೊಡ್ಡೋರು, ನಮ್ಮೋರು ಸಣ್ಣೋರಾ? ತಿರುಗಿ ಇವರ ಕಡೇಗೇ ಹಾಕಿ!" ಹೇಳುತ್ತ ಹೇಳುತ್ತ ಅವಳು ಅಳಲು ಶುರುಮಾಡಿದಳು. ಅಪ್ಪನ ಕತೆ ಬಂತು, ಅಪ್ಪನನ್ನು ಹಿಮದಲ್ಲಿ ಹೊತ್ತು ಗುಡ್ಡ ಹತ್ತಿದ ಕತೆ ಬಂತು. ಅಜ್ಜಿ ತೊಡೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣು ಕೀಳದೆ ಕೇಳುತ್ತಿದ್ದಳು.

ಅರ್ಧಕ್ಕೇ ಗಂಟೆ ಹೊಡೆಯಿತು. "ಸಮಯ ಮುಗೀತು, ಮುಂದಿನವರು, ಪ್ಯೊ ಜೊಮ್ರೆ" ಎಂದರು ಸಭೆ ನಡೆಸುವವರು. ಆ ಹೆಂಗಸು ಮೈಕು ಬಿಡದೆ ನಿಂತಿದ್ದಳು, ಪೊಲೀಸಿನವನು ಅವಳ ಕಡೆಗೆ ಹೊರಟಿದ್ದ.

ಅಜ್ಜಿ ಎದ್ದು ನಿಂತು, ಕೋರ್ಟಿನಲ್ಲಿ ಕಲಿತ ಹಾಗೆ ನಿಧಾನವಾಗಿ ಕೇಳಿದಳು, "ನನ್ನ ಐದು ನಿಮಿಷ ಅವಳಿಗೆ ಕೊಡಬಹುದಾ?"

ಸಭೆ ನಡೆಸುವವರು ತಾಕ್ ಸಾಹೇಬರ ಮುಖ ನೋಡಿದರು. ತಾಕ್ ಸಾಹೇಬರು ನಿಯಮದ ಪುಸ್ತಕ ತಿರುವಿದರು, ಹಿಂದೆ ಮುಂದೆ ತಿರುವಿದರು. "ಕೊಡಬಾರ್ದು ಅಂತ ಎಲ್ಲೂ ಇಲ್ಲ ಅಜ್ಜಿ" ಎಂದರು.

"ಹಂಗಾದ್ರೆ ಕೊಟ್ಟೆ" ಎಂದು ಅಜ್ಜಿ ಕೂತಳು. ಆಮೇಲೆ ಆ ಹೆಂಗಸಿನ ಕಡೆ ನೋಡಿ, "ಹೇಳಮ್ಮ, ಹಿಮದಲ್ಲಿ ಹೊತ್ಕೊಂಡು ಹೋದ್ರಿ, ಆಮೇಲೆ?" ಎಂದಳು.